ತಾನಾಗಿ ಬೆಂದ ಅನ್ನ

ಹೋದ ತಿಂಗಳು ಹಳಿಯಾಳದಿಂದ ನನಗೊಂದು ದಪ್ಪ ಲಕೋಟೆ ಬಂತು. ಕಳಿಸಿದ್ದು ನಾನು ಓದಿದ ಕಾಲೇಜಿನವರು. ಈಗ ಅದು ಕಾಲೇಜಲ್ಲ, ಸಣ್ಣದಾದರೂ ವಿಶ್ವವಿದ್ಯಾಲಯ. ಕಮಾನಿನ ಬಾಗಿಲಿದೆಯಂತೆ, ಬಾಗಿಲಲ್ಲಿ ಟೊಪ್ಪಿಗೆ ಹಾಕಿದ ಕಾವಲುಗಾರನಿದ್ದಾನಂತೆ. ನಾನು ಮೊದಲು ಕಂಡಾಗ ಅಲ್ಲಿದ್ದದ್ದು ನಾಡಹಂಚಿನ ಮೂರು ಕೋಣೆ, ಹಿಂದೊಂದು ಅಡುಗೆಮನೆ, ಮಳೆ ಬಂದರೆ ಕಾಲು ಜಾರುವ ಒಂದು ಅಂಗಳ. ಲಕೋಟೆಯೊಳಗೆ ಸಂಸ್ಥೆಯ ಇತಿಹಾಸದ ಕರಡು ಪ್ರತಿ ಇತ್ತು. ಜೊತೆಗೊಂದು ಕಾಗದ. ತಾವು ನಮ್ಮ ಮೊದಲ ವಿದ್ಯಾರ್ಥಿನಿ, ಕೃತಜ್ಞತೆಯ ನಾಲ್ಕು ಸಾಲು ಬರೆದು ಒಂದು ಫೋಟೋ ಸಹಿತ ಕಳಿಸಿಕೊಡಬೇಕು ಎಂದಿದ್ದರು.

ಕರಡಿನ ಎರಡನೆಯ ಪುಟದಲ್ಲಿ ಆ ವಾಕ್ಯ ಹಾಗೇ ಕೂತಿತ್ತು. ‘ನಾಲ್ಕು ಸೀಮೆಯ ಅಕ್ಕಿ ಒಂದೇ ಹಂಡೆಯಲ್ಲಿ ತಾನಾಗಿ ಒಂದಾಗಿ ಬೆಂದಂತೆ ನಮ್ಮ ಜನರೂ ಈ ವಿದ್ಯಾಲಯದಲ್ಲಿ ಒಂದಾದರು.’ ಅರವತ್ತು ವರ್ಷದ ಹಿಂದೆ ಇದೇ ವಾಕ್ಯವನ್ನು ನಾನು ಗಟ್ಟಿಯಾಗಿ ಓದಿದ್ದೆ. ಓದಿದ ಕೂಡಲೇ ನಮ್ಮ ಆಯಿಯ ಕೈಯಲ್ಲಿದ್ದ ಜರಡಿ ನಿಂತುಬಿಟ್ಟಿತ್ತು. ಒಂದಕ್ಷರ ಬದಲಾಗಿಲ್ಲ. ಈ ವಯಸ್ಸಿನಲ್ಲಿ ಸಿಟ್ಟು ಮಾಡಿಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ನಾನೇನೂ ಮಾಡಿಕೊಳ್ಳಲಿಲ್ಲ, ಅದೇ ಬಂತು. ನಾಲ್ಕು ಸಾಲಿನಲ್ಲಿ ಮುಗಿಯುವಂಥದ್ದೂ ಅಲ್ಲ.

ನಮ್ಮ ಕಡೆ ಅಜ್ಜಿಯನ್ನು ಆಯಿ ಎನ್ನುತ್ತಾರೆ. ತಾಯಿ ಇಲ್ಲದ ನನ್ನನ್ನು ಸಾಕಿದವಳು ಅವಳೇ, ಮಾತು ಕಲಿಸಿದವಳೂ ಅವಳೇ. ಓದು ಬಾರದು, ಆದರೆ ಕೀರ್ತನೆಯ ಪುಸ್ತಕ ಪೂರ್ತಿ ಬಾಯಲ್ಲಿತ್ತು. ಕ್ರೈಸ್ತ ಸಭೆಯ ಹುಡುಗರ ವಸತಿಗೃಹದಲ್ಲಿ ಅಡುಗೆಯವಳು. ಆ ವಸತಿಗೃಹದ ಬೆನ್ನಿಗೇ ಮಾಸ್ತರಿಕೆ ಕಲಿಸುವ ತರಗತಿ ಬಂತು, ಅದರ ಬೆನ್ನಿಗೆ ಕಾಲೇಜು. ಹೀಗೆ ಆ ಸಂಸ್ಥೆ ಬೆಳೆದದ್ದು ಅಡುಗೆಮನೆಯ ಕಡೆಯಿಂದ ಮುಂದಕ್ಕೆ. ಕರಡಿನಲ್ಲಿ ಮಾತ್ರ ಅದು ಮುಂಬಾಗಿಲಿನಿಂದ ಶುರುವಾಗುತ್ತದೆ.

ಅಷ್ಟು ಹುಡುಗರು ಉಣ್ಣುತ್ತಿದ್ದದ್ದು ಹಿಡಿ ಅಕ್ಕಿಯನ್ನು. ಇದನ್ನು ಕಂಡವರು ಈಗ ಕಡಿಮೆ, ಅದಕ್ಕೇ ಹೇಳುತ್ತೇನೆ. ನಮ್ಮ ಸಭೆಯ ಮನೆಗಳಲ್ಲಿ ಹೆಂಗಸು ಅನ್ನಕ್ಕೆ ಅಕ್ಕಿ ಅಳೆದುಕೊಂಡ ಮೇಲೆ, ತೊಳೆಯುವ ಮೊದಲು, ಅದರಿಂದಲೇ ಒಂದು ಹಿಡಿ ತೆಗೆದು ಒಲೆಯ ಪಕ್ಕದ ಗಡಿಗೆಗೆ ಹಾಕಬೇಕು. ಅಳೆಯುವ ಮೊದಲೇ ತೆಗೆದಿಟ್ಟರೆ ಅದು ಲೆಕ್ಕಕ್ಕಿಲ್ಲ. ಅಳೆದದ್ದರಲ್ಲಿ ತೆಗೆದರೆ ಆ ಹೊತ್ತು ಯಾರಿಗೋ ಒಂದು ಹಿಡಿ ಕಡಿಮೆ ಬೀಳುತ್ತದಲ್ಲ, ಕಾಣಿಕೆ ಎಂದರೆ ಅದು. ಯಾರಿಗೆ ಕಡಿಮೆ ಬೀಳುತ್ತಿತ್ತು ಎಂದು ಕೇಳಬೇಡಿ. ತೆಗೆದವಳಿಗೇ.

ತಿಂಗಳ ಕೊನೆಯ ಭಾನುವಾರ ಆ ಗಡಿಗೆಗಳೆಲ್ಲ ಹಳಿಯಾಳದ ನಮ್ಮ ದೇವಾಲಯಕ್ಕೆ, ಅಂದರೆ ಚರ್ಚಿಗೆ, ಬರುತ್ತಿದ್ದವು. ಅಣಶಿ, ಜೋಯಿಡಾ ಕಡೆಯಿಂದ ಕೊಂಕಣಿ ಮಾತಾಡುವ ಹೆಂಗಸರು ಕುಚಲಕ್ಕಿ ತರುತ್ತಿದ್ದರು. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಶುರುವಾದ ಹೊಸತು, ಅಲ್ಲಿಯ ಕೆಲಸಗಾರರ ಮನೆಯವರು ರೇಶನ್ನಿನ ಮುಗ್ಗಲು ಅಕ್ಕಿಯನ್ನೇ ತರುತ್ತಿದ್ದರು, ಅವರಿಗಿದ್ದದ್ದೇ ಅದು. ಹಳಿಯಾಳದವರದು ಕೆಂಪು ದಪ್ಪಕ್ಕಿ. ಮುಂಡಗೋಡದ ಹತ್ತಿರದ ಇಂದೂರು ಎನ್ನುವ ಹಳ್ಳಿಯಿಂದ ಸಣ್ಣಕ್ಕಿ. ಇಂದೂರಿನಲ್ಲಿ ನಮ್ಮವರ ಮನೆ ಎರಡೋ ಮೂರೋ, ಬರುತ್ತಿದ್ದ ಅಕ್ಕಿ ಮಾತ್ರ ಎಲ್ಲರಿಗಿಂತ ಹೆಚ್ಚು. ಯಾಕೆಂದರೆ ಅಲ್ಲಿಯ ಲಿಂಗಾಯತರ ಓಣಿಯ ಹೆಂಗಸರೂ ಗಡಿಗೆ ಇಟ್ಟಿದ್ದರು. ಅವರಲ್ಲೊಬ್ಬಳು ಆಯಿಯ ಗೆಳತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಸದಾ ಎಲೆ ಅಡಿಕೆ. ಚೀಲ ಹೊತ್ತು ಬಸ್ಸಿಳಿದು ಬಂದು ಆಯಿಯ ಮುಂದೆ ಇಳಿಸುತ್ತ ಪ್ರತಿ ತಿಂಗಳೂ ಅದೇ ಮಾತು ಹೇಳುತ್ತಿದ್ದಳು:

“ನಮ್ಮ ಶಿವಗ ಒಂದ ಹಿಡಿ, ನಿಮ್ಮ ಯೇಸುಗ ಒಂದ ಹಿಡಿ. ಇಬ್ರೂ ಉಣ್ಣೂದಿಲ್ಲ, ಉಣ್ಣೂವು ಹುಡುಗೂರು. ಇರವಲ್ದ್ಯಾಕ.”

ಈ ಅಕ್ಕಿಯನ್ನೆಲ್ಲ ಸುರಿಯಲು ಪೀಠದ ಮುಂದೆ ಸಾಗವಾನಿಯ ಒಂದು ದೊಡ್ಡ ಪೆಟ್ಟಿಗೆ ಇತ್ತು. ಒಂದೇ ಪೆಟ್ಟಿಗೆ. ಕುಚಲಕ್ಕಿಯನ್ನಾದರೂ ಬೇರೆ ಚೀಲದಲ್ಲಿ ಇಡೋಣ ಎಂದು ಆಯಿ ಮೊದಲ ತಿಂಗಳೇ ಕೇಳಿಕೊಂಡಿದ್ದಳು. ನಮ್ಮ ಪಾದ್ರಿಗಳಾದ ಸಭಾಪಾಲಕರು ನಕ್ಕು, ದೇವರ ಮುಂದೆ ಬೇರೆ ಎನ್ನುವುದಿಲ್ಲವ್ವಾ ಎಂದಿದ್ದರು. ಕೇಳಲು ಎಷ್ಟು ಚೆಂದದ ಮಾತು. ಜೀವಮಾನದಲ್ಲಿ ಒಮ್ಮೆಯೂ ಅನ್ನಕ್ಕೆ ಎಸರಿಟ್ಟವರಲ್ಲ ಅವರು. ಅಕ್ಕಿ ಬೇಯಿಸಿದ ಯಾರೂ ಕುಚಲಕ್ಕಿಯನ್ನೂ ಸಣ್ಣಕ್ಕಿಯನ್ನೂ ಒಟ್ಟಿಗೆ ಸುರಿಯುವುದಿಲ್ಲ. ಸಣ್ಣಕ್ಕಿ ಮುದ್ದೆಯಾದರೂ ಕುಚಲಕ್ಕಿ ಕಲ್ಲಾಗಿಯೇ ಇರುತ್ತದೆ. ಆದರೆ ನಮ್ಮವರು ಸುರಿದರು. ಒಂದಾಗಬೇಕು ಎನ್ನುವ ಆಸೆ ಅಷ್ಟಿತ್ತು, ತಪ್ಪೆಂದು ಯಾರೂ ಬಾಯಿ ಬಿಡಲಿಲ್ಲ.

ಆ ತಪ್ಪನ್ನು ತಿದ್ದುತ್ತಿದ್ದವಳು ಆಯಿ. ಸೋಮವಾರದಿಂದ ಶನಿವಾರದವರೆಗೆ, ಮಧ್ಯಾಹ್ನದ ಊಟದ ಪಾತ್ರೆ ತೊಳೆದಿಟ್ಟ ಮೇಲೆ, ಅವಳೂ ಇಬ್ಬರು ವಿಧವೆಯರೂ ಹಿತ್ತಲ ಕಟ್ಟೆಯ ಮೇಲೆ ಕೂರುತ್ತಿದ್ದರು. ಮೊದಲು ಜರಡಿ. ಸಣ್ಣಕ್ಕಿ ಕೆಳಗೆ ಬೀಳುತ್ತದೆ, ದಪ್ಪದ್ದೆಲ್ಲ ಮೇಲೆ ಉಳಿಯುತ್ತದೆ. ಆಮೇಲೆ ಮೊರ. ಮೊರದಲ್ಲಿ ತೂರಿ, ಕೊಡವಿ, ಬೆರಳಿನಿಂದ ಎಳೆದು ಕುಚಲಕ್ಕಿಯನ್ನು ಒಂದು ಕಡೆಗೆ, ಕೆಂಪಕ್ಕಿಯನ್ನು ಇನ್ನೊಂದು ಕಡೆಗೆ. ರೇಶನ್ನಿನದು ಬಿಸಿನೀರಲ್ಲಿ ಎರಡು ಸಲ ತೊಳೆದರೇ ವಾಸನೆ ಹೋಗುವುದು. ಮರುದಿನ ಹಂಡೆ ಏರಿದಾಗ ಕುಚಲಕ್ಕಿ ಮೊದಲು. ಅದು ಅರ್ಧ ಬೆಂದ ಮೇಲೆ ಕೆಂಪಕ್ಕಿಯೂ ರೇಶನ್ನಿನದೂ. ಸಣ್ಣಕ್ಕಿ ಎಲ್ಲಕ್ಕಿಂತ ಕೊನೆಗೆ. ಹಂಡೆ ಇಳಿಸಿ ಗಂಜಿ ಬಸಿದರೆ ನಾಲ್ಕೂ ಅಕ್ಕಿ ಒಂದೇ ಹದ. ಆಯಿಯ ಕೈಗೆ ಒಂದು ಕಾಳು ಕೊಟ್ಟರೆ ಸಾಕು, ಕಣ್ಣು ಮುಚ್ಚಿ ಯಾವ ಊರಿನದೆಂದು ಹೇಳುತ್ತಿದ್ದಳು. ವಸತಿಗೃಹದ ಹುಡುಗರಿಗೆ ಇದ್ಯಾವುದೂ ಗೊತ್ತಿರಲಿಲ್ಲ, ಉಂಡು ಎದ್ದು ಹೋಗುತ್ತಿದ್ದರು. ಹುಡುಗರನ್ನು ನಾನು ಬೈಯುವುದಿಲ್ಲ.

ಪೆಟ್ಟಿಗೆಗೆ ಮೊದಲ ಸಲ ಅಕ್ಕಿ ಸುರಿದ ದಿನ ನನಗೆ ಎಂಟೋ ಒಂಬತ್ತೋ ವರ್ಷ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಅಂದು ಸಭಾಪಾಲಕರು ಪೆಟ್ಟಿಗೆಯ ಅಂಚಿನ ಮೇಲೆ ಕೈಯಿಟ್ಟು, ಇದರಿಂದ ಒಂದು ಕಾಲೇಜು ಹುಟ್ಟುತ್ತದೆ, ಅದರಲ್ಲಿ ನಿಮ್ಮ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಓದುತ್ತಾರೆ ಎಂದು ಎಲ್ಲರ ಮುಂದೆ ಹೇಳಿದ್ದರು. ಆಯಿ ನನ್ನ ಕೈ ಹಿಡಿದು ಮೊಣಕೈವರೆಗೂ ಅಕ್ಕಿಯಲ್ಲಿ ಅದ್ದಿಸಿದಳು. ಅಕ್ಕಿ ತಣ್ಣಗಿತ್ತು. ಅಂದಿನಿಂದ ನಾನು ಕಾಲೇಜಿಗೆ ಹೋಗುವವಳು ಎನ್ನುವುದು ನಮ್ಮ ಮನೆಯಲ್ಲಿ ಮುಗಿದ ಮಾತು. ಶಾಲೆ ತಪ್ಪಿಸಿದರೆ ಆಯಿ ಹೊಡೆಯುತ್ತಿರಲಿಲ್ಲ, ಒಲೆಯ ಪಕ್ಕದ ಗಡಿಗೆ ತಂದು ನನ್ನ ಮುಂದೆ ಇಡುತ್ತಿದ್ದಳು.

ನಾನು ಮೆಟ್ರಿಕ್ ಪಾಸಾದಾಗ ಕಾಲೇಜು ಶುರುವಾಗಿ ಎರಡು ವರ್ಷ ಆಗಿತ್ತು. ಹೊಸ ಸಭಾಂಗಣಕ್ಕೆ ಬಣ್ಣ ಬಳಿಯುತ್ತಿದ್ದರು, ಉದ್ಘಾಟನೆಗೆ ಇನ್ನು ಕೆಲವೇ ದಿನ. ಅರ್ಜಿ ಹಿಡಿದು ಪ್ರಾಂಶುಪಾಲರ ಕೋಣೆಗೆ ಹೋದೆ. ಒಳ್ಳೆಯವರು ಅವರು, ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಕೂರಿಸಿದರು, ನೀರು ಕೊಟ್ಟರು, ಅರ್ಜಿಯನ್ನು ಓದದೆ ಮಡಚಿಟ್ಟರು.

“ನೋಡ ತಂಗಿ, ನೀ ಪಾಸಾಗಿದ್ದು ನಮಗೆಲ್ಲಾ ಹೆಮ್ಮೆ ಐತಿ. ಆದ್ರ ಹೆಣ್ಮಕ್ಕಳಿಗಿ ಇಲ್ಲಿ ಬ್ಯಾರೆ ಕೋಣಿ ಇಲ್ಲ, ಬ್ಯಾರೆ ಬಾಗಲಾ ಇಲ್ಲ.”

ನಾನು ಇದೇ ಊರಿನವಳು, ಮನೆಯಿಂದ ನಡೆದು ಬರುತ್ತೇನೆ, ಕೋಣೆ ಬೇಡ ಎಂದೆ. ಕಮಿಟಿಯವರು ಒಪ್ಪುವುದಿಲ್ಲ, ಮುಂದೆ ನೋಡೋಣ ಎಂದರು. ಮುಂದೆ ಎಂದರೆ ಯಾವಾಗ ಎಂದು ಕೇಳಿದೆ. ಅದಕ್ಕೆ ಉತ್ತರವಾಗಿ ಮೇಜಿನ ಖಾನೆಯಿಂದ ಒಂದು ಕಾಗದದ ಕಟ್ಟು ತೆಗೆದರು. ಉದ್ಘಾಟನೆಗೆ ಅಚ್ಚಾಗುವ ಸಂಸ್ಥೆಯ ಇತಿಹಾಸ. ನಿನ್ನ ಕನ್ನಡ ಚೆಂದ ಇದೆ, ತಪ್ಪು ತಿದ್ದಿ ಕೊಡು ಎಂದರು. ಒಳಗೆ ಕೂರಲು ಬಾಗಿಲಿಲ್ಲದವಳಿಗೆ ಒಳಗಿನ ಕಥೆಯನ್ನು ತಿದ್ದುವ ಕೆಲಸ. ನಾನೇನು ಮಾಡಿದೆ ಗೊತ್ತೇ? ಎರಡೂ ಕೈ ಚಾಚಿ ತೆಗೆದುಕೊಂಡು ನಮಸ್ಕಾರ ಹೇಳಿ ಬಂದೆ. ಅವರ ಮೇಲಿನ ಸಿಟ್ಟಿಗಿಂತ ಆ ನಮಸ್ಕಾರದ ಮೇಲಿನ ಸಿಟ್ಟು ದೊಡ್ಡದು, ಅದು ಇನ್ನೂ ಇಳಿದಿಲ್ಲ.

ಸೀದಾ ಹಿತ್ತಲಿಗೆ ಹೋದೆ. ಮೂವರೂ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದರು. ನನ್ನ ಮುಖ ನೋಡಿದ ಆಯಿ, ನಿನ್ನ ಕೈಯಲ್ಲಿರುವುದನ್ನು ಓದು ಎಂದಳು. ಓದಿದೆ. ನಾಲ್ಕು ಸೀಮೆಯ ಅಕ್ಕಿಯ ವಾಕ್ಯ ಬಂದಾಗ ಜರಡಿ ನಿಂತಿತು.

“ಇನ್ನೊಮ್ಮೆ ಓದು,” ಎಂದಳು ಆಯಿ.

ಓದಿದೆ.

“ತಾನಾಗಿ ಅಂತ ಬರದಾರ?”

“ಹೂಂ ಆಯಿ.”

“ಹುಡಿಗ್ಯಾರೂ ಓದ್ತಾರ ಅಂದಿದ್ರಲ್ಲ, ಅದನ್ನ ಎಲ್ಲಿ ಬರದಾರ?”

ಎಲ್ಲೂ ಇಲ್ಲ ಎಂದೆ. ಸೀಟು ಇಲ್ಲವೆಂದದ್ದನ್ನೂ ಆಗಲೇ ಹೇಳಿದೆ. ವಿಧವೆಯರಲ್ಲಿ ಒಬ್ಬಳು ಕಮಿಟಿಯವರ ಮನೆತನಗಳನ್ನು ಒಂದೊಂದಾಗಿ ಹಿಡಿದು ಬೈಯಲು ಶುರುಮಾಡಿದಳು. ಆಯಿ ಬೈಯಲಿಲ್ಲ. ಜರಡಿಯನ್ನು ಮತ್ತೆ ಆಡಿಸತೊಡಗಿದಳು, ನಿಧಾನವಾಗಿ.

ನಾನು ಮಾತ್ರ ಮನೆಗೆ ಹೋಗಿ ಕೆಂಪು ಶಾಯಿಯಲ್ಲಿ ‘ತಾನಾಗಿ’ಯನ್ನು ಹೊಡೆದುಹಾಕಿ, ಅಂಚಿನಲ್ಲಿ ‘ಅಡುಗೆಮನೆಯ ಮೂವರು ಹೆಂಗಸರು ದಿನವೂ ಹಸನು ಮಾಡಿದ್ದರಿಂದ’ ಎಂದು ಬರೆದೆ. ಪ್ರಾಂಶುಪಾಲರು ನೋಡಿ ನಕ್ಕರು. ಕಾಗುಣಿತ ತಿದ್ದಲು ಹೇಳಿದ್ದೆ, ಇತಿಹಾಸವನ್ನಲ್ಲ ಎಂದರು. ಅಚ್ಚಾಗಿ ಬಂದ ಪುಸ್ತಕದಲ್ಲಿ ಕಾಗುಣಿತದ ತಪ್ಪು ಒಂದೂ ಇರಲಿಲ್ಲ.

ಉದ್ಘಾಟನೆಯ ದಿನ ಮಳೆ ಬಿಟ್ಟು ಹೊಳವಾಗಿತ್ತು. ಧಾರವಾಡದಿಂದ ದೊಡ್ಡವರು ಬಂದಿದ್ದರು, ಮಿಶನ್ನಿನ ಬಿಳಿಯ ದಂಪತಿ ಬಂದಿದ್ದರು, ದಾಂಡೇಲಿಯ ಒಬ್ಬ ಕಟ್ಟಿಗೆ ಗುತ್ತಿಗೆದಾರರೂ ಇದ್ದರು. ಬೆಳಿಗ್ಗೆಯೇ ಆಯಿ ವಿಧವೆಯರಿಬ್ಬರಿಗೂ ಒಗೆದ ಸೀರೆ ಉಡಲು ಹೇಳಿ, ಇವತ್ತು ನಿಮಗೆ ಕೆಲಸವಿಲ್ಲ, ಹೋಗಿ ಮುಂದೆ ಕೂತು ಭಾಷಣ ಕೇಳಿರಿ ಎಂದು ಕಳಿಸಿದಳು. ನಾನು ಸಾರಿಗೆ ಮಸಾಲೆ ಅರೆಯುತ್ತಿದ್ದೆ. ಆಯಿ ಪೆಟ್ಟಿಗೆಯಿಂದ ತಂದ ಅಕ್ಕಿಯನ್ನು ಒಮ್ಮೆ ತೊಳೆದಳು, ಕುದಿಯುವ ಹಂಡೆಗೆ ಒಂದೇ ಸಲಕ್ಕೆ ಸುರಿದಳು. ನನ್ನ ಕೈ ಗುಂಡುಕಲ್ಲಿನ ಮೇಲೆಯೇ ನಿಂತಿತು. ಆಯಿ, ಇದೇನು ಎಂದೆ. ನಿನ್ನ ಮಸಾಲೆ ನೀ ನೋಡು ಎಂದಳು. ಆಮೇಲೆ ಹಂಡೆಯ ಎದುರು ಮಣೆ ಹಾಕಿಕೊಂಡು, ಕೈ ಕಟ್ಟಿಕೊಂಡು ಕೂತಳು. ಅವಳು ಒಲೆಯ ಮುಂದೆ ಕೈ ಕಟ್ಟಿ ಕೂತದ್ದನ್ನು ನಾನು ನೋಡಿದ್ದು ಅದೊಂದೇ ದಿನ.

ಸಭಾಂಗಣದಲ್ಲಿ ಪ್ರಾಂಶುಪಾಲರು ಇತಿಹಾಸ ಓದಿದರು. ನಾಲ್ಕು ಸೀಮೆಯ ಅಕ್ಕಿಯ ಜಾಗಕ್ಕೆ ಬಂದಾಗ ಚಪ್ಪಾಳೆ ಬಿದ್ದದ್ದು ಅಡುಗೆಮನೆಗೂ ಕೇಳಿಸಿತು. ಹೆಚ್ಚು ಹೊತ್ತಾಗಲಿಲ್ಲ, ಎಲೆ ಹಾಕಿದರು. ಕುರಿಯ ಸಾರು ಬಹಳ ಚೆನ್ನಾಗಿತ್ತು, ನಾನೇ ಹೇಳಿಕೊಳ್ಳುತ್ತೇನೆ. ಅನ್ನ ಮಾತ್ರ ಅರ್ಧ ಅಂಬಲಿ, ಅರ್ಧ ಹರಳು. ರೇಶನ್ನಿನ ವಾಸನೆ ಸಾರಿನ ಮೇಲೂ ಎದ್ದು ಬರುತ್ತಿತ್ತು. ಬಿಳಿಯ ದೊರೆಸಾನಿ ಮರ್ಯಾದೆಗೆ ಕಣ್ಣು ಮುಚ್ಚಿಕೊಂಡು ಅಗಿದರು. ಧಾರವಾಡದವರು ನೀರು ಕುಡಿದು ನುಂಗಿದರು. ಕಟ್ಟಿಗೆ ಗುತ್ತಿಗೆದಾರರಿಗೆ ಅಷ್ಟು ಮರ್ಯಾದೆ ಗೊತ್ತಿರಲಿಲ್ಲ. ಇದು ಅನ್ನವೋ ಗಟಾರಿನ ಉಸುಕೋ ಎಂದು ಪಂಕ್ತಿಗೆಲ್ಲ ಕೇಳುವ ಹಾಗೆ ಕೇಳಿಯೇಬಿಟ್ಟರು. ವಸತಿಗೃಹದ ಹುಡುಗರು ತುತ್ತು ಬಾಯಲ್ಲಿಟ್ಟುಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ಇಷ್ಟು ವರ್ಷ ಉಂಡದ್ದು ಇದೇ ಪೆಟ್ಟಿಗೆಯ ಅಕ್ಕಿಯೆಂದು ಅವರಿಗೆ ನಂಬಿಕೆಯಾಗಲಿಲ್ಲ.

ಪ್ರಾಂಶುಪಾಲರು ಅಡುಗೆಮನೆಗೆ ಬಂದರು. ಅಲ್ಲಿಗೆ ಅವರು ಬಂದದ್ದು ಅದೇ ಮೊದಲು, ಬಾಗಿಲ ಚೌಕಟ್ಟಿಗೆ ತಲೆ ಬಡಿಸಿಕೊಂಡರು.

“ಏನವ್ವಾ ಇದು. ಇವತ್ತ ಹಿಂಗ್ಯಾಕ ಮಾಡಿದಿ?”

ಆಯಿ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು.

“ಬಂದಂಗ ಬೇಸೇನ್ರಿ, ಸಾಹೇಬ್ರ. ತಾನಾಗಿ ಒಂದಾಗ್ತೈತಿ ಅಂತ ನೀವ ಬರದೀರಿ. ನಾ ಇಷ್ಟೊತ್ತನ ಹಂಡೆ ಮುಂದ ಕುಂತ ನೋಡಿದೆ. ಆಗಲಿಲ್ರಿ.”

ಅವರು ತಲೆ ಸವರಿಕೊಳ್ಳುತ್ತ ಹೊರಟುಹೋದರು.

ಮರುದಿನವೇ ಸಭಾಪಾಲಕರು ಮನೆಗೆ ಬಂದು, ವಯಸ್ಸಾಯಿತು, ಇನ್ನು ವಿಶ್ರಾಂತಿ ತಗೊಳ್ಳಿ ಎಂದು ಹೇಳಿ ಹೋದರು. ಬಿಡಿಸಿದೆವು ಎನ್ನುವ ಶಬ್ದ ಅವರ ಬಾಯಿಂದ ಬರಲಿಲ್ಲ, ಅದನ್ನು ಹೇಳದೆ ಹೇಳುವುದು ಹೇಗೆಂದು ಅವರಿಗೆ ಗೊತ್ತಿತ್ತು. ಹುಬ್ಬಳ್ಳಿಯಿಂದ ಒಬ್ಬ ಅಡುಗೆಯವನನ್ನು ಕರೆಸಿದರು. ಅವನು ಬ್ರಾಹ್ಮಣರ ಖಾನಾವಳಿಯಲ್ಲಿ ಪಳಗಿದವನು. ಪೆಟ್ಟಿಗೆ ತೆರೆದು ನೋಡಿ, ಇದು ಕೋಳಿಗೆ ಹಾಕುವ ಕಾಳೇನ್ರಿ ಎಂದು ಕೇಳಿದನಂತೆ. ವಿಧವೆಯರು ಎರಡು ದಿನ ನೋಡಿ ಮೂರನೆಯ ದಿನ ಹೋಗಲಿಲ್ಲ. ಹುಡುಗರು ದಿನವೂ ಆ ಉದ್ಘಾಟನೆಯ ಅನ್ನವನ್ನೇ ಉಂಡರು.

ತಿಂಗಳ ಕೊನೆಯ ಭಾನುವಾರ ಬಂತು. ಯಾರೂ ಸಭೆ ಸೇರಿಸಿರಲಿಲ್ಲ, ಯಾರೂ ಆಣೆ ಪ್ರಮಾಣ ಮಾಡಿಸಿರಲಿಲ್ಲ. ಸುದ್ದಿ ಬಸ್ಸಿನಲ್ಲಿ ಹೋಗಿತ್ತು, ಮುಂಡಗೋಡದ ಸಂತೆಯಲ್ಲಿ ಕೂತಿತ್ತು, ಅಣಶಿಯ ದಾರಿ ಹಿಡಿದಿತ್ತು ಅಷ್ಟೇ. ಹೆಂಗಸರೆಲ್ಲ ದೇವಾಲಯಕ್ಕೆ ಬಂದರು, ಗಡಿಗೆ ತರಲಿಲ್ಲ. ಕಾಣಿಕೆಯ ಕೀರ್ತನೆ ಹಾಡಿದರು. ಪೆಟ್ಟಿಗೆಯ ಮುಚ್ಚಳ ತೆರೆದಿತ್ತು. ಯಾರೂ ಏಳಲಿಲ್ಲ. ಸಭಾಪಾಲಕರು ಕೀರ್ತನೆಯನ್ನು ಇನ್ನೊಮ್ಮೆ ಹಾಡಿಸಿದರು, ಹೆಂಗಸರು ಮೊದಲಿಗಿಂತ ಚೆನ್ನಾಗಿ ಹಾಡಿದರು. ಹೊರಗೆ ಬೇವಿನ ಕಟ್ಟೆಯ ಮೇಲೆ ಇಂದೂರಿನ ಗೆಳತಿ ಬರಿಗೈಯಲ್ಲಿ ಕೂತಿದ್ದಳು. ಯಾಕೆ ತರಲಿಲ್ಲವೆಂದು ಯಾರೋ ಕೇಳಿದ್ದಕ್ಕೆ, ನಾನು ಕೊಡುತ್ತಿದ್ದದ್ದು ಆ ಮುದುಕಿಯ ಕೈಗೆ, ನಿಮ್ಮ ಪೆಟ್ಟಿಗೆಗೆ ಅಲ್ಲ ಎಂದಳು. ಬಸ್ಸಿನ ಹಾದಿ ಸವೆಸಿ ಇದನ್ನು ಹೇಳಲೆಂದೇ ಬಂದಿದ್ದಳು.

ಅಂಗಡಿಗೆ ಹೋದರೆ ಅಕ್ಕಿ ಸಿಗುವ ಕಾಲ ಅಲ್ಲ ಅದು. ಇನ್ನೊಂದು ತಿಂಗಳೂ ಪೆಟ್ಟಿಗೆ ಖಾಲಿ ಹೋಯಿತು. ಆಮೇಲೆ ಒಂದು ಸಂಜೆ ಪ್ರಾಂಶುಪಾಲರೂ ಸಭಾಪಾಲಕರೂ ಕೊಡೆ ಹಿಡಿದು ನಮ್ಮ ಮನೆಗೆ ಬಂದರು. ಆಯಿ ಕಂಬಳಿ ಹಾಸಿದಳು, ನನ್ನಿಂದ ಚಹಾ ಮಾಡಿಸಿದಳು. ನೀವು ಅಡುಗೆಮನೆಗೆ ತಿರುಗಿ ಬರಬೇಕು ಎಂದು ಪ್ರಾಂಶುಪಾಲರು ಕೇಳಿಕೊಂಡರು.

“ಅಡಗಿಮನಿ ನನಗ ಬ್ಯಾಡ್ರಿ,” ಎಂದಳು ಆಯಿ. “ನನ್ನ ಮೊಮ್ಮಗಳನ್ನ ಒಳಗ ಕುಂದರಸ್ರಿ.”

“ಅಕಿಗಿ ಬ್ಯಾರೆ ಬಾಗಲಾ…” ಎಂದು ಪ್ರಾಂಶುಪಾಲರು ಶುರುಮಾಡುವಷ್ಟರಲ್ಲಿ ಆಯಿ ಸಭಾಪಾಲಕರ ಕಡೆ ತಿರುಗಿದಳು.

“ಕುಚಲಕ್ಕಿಗಿ ಬ್ಯಾರೆ ಚೀಲಾ ಇಡೂಣ್ರಿ ಅಂದಾಗ ದೇವರ ಮುಂದ ಬ್ಯಾರೆ ಇಲ್ಲಂದ್ರಿ, ಅಯ್ಯನವರ. ಹುಡುಗಿಗಿ ಯಾವಾಗಿಂದ ಬ್ಯಾರೆ ಬಂತ್ರಿ?”

ಸಭಾಪಾಲಕರು ಚಹಾದ ಬಟ್ಟಲನ್ನು ಕೆಳಗಿಟ್ಟರು. ತಾವು ಪೆಟ್ಟಿಗೆಯ ಮೇಲೆ ಕೈಯಿಟ್ಟು ಹೇಳಿದ್ದು ಅವರಿಗೆ ನೆನಪಾಗಿರಬೇಕು. ಆಗಿರಲಿಕ್ಕಿಲ್ಲ ಎಂದು ಸಿಟ್ಟು ಬಂದಾಗ ಅಂದುಕೊಳ್ಳುತ್ತೇನೆ. ಯಾವುದಾದರೂ ಇರಲಿ, ಸೋಮವಾರದಿಂದ ಕಳಿಸು ಎಂದು ಅವರೇ ಹೇಳಿದರು.

ಸೋಮವಾರ ಹೋದೆ. ಹಾಜರಿಯಲ್ಲಿ ನನ್ನ ಹೆಸರಿತ್ತು. ನನ್ನ ಬೆಂಚು ಮಾತ್ರ ತರಗತಿಯ ಹೊಸ್ತಿಲ ಹೊರಗೆ, ಪಡಸಾಲೆಯಲ್ಲಿ. ಕಮಿಟಿಯವರು ಹುಡುಕಿದ ದಾರಿ ಅದು. ಒಳಗೆ ಕೂರಿಸಿದಂತೆಯೂ ಆಯಿತು, ಕೂರಿಸದಂತೆಯೂ ಆಯಿತು. ಮಳೆ ಓರೆಯಾಗಿ ಹೊಡೆದರೆ ಪುಸ್ತಕ ಒದ್ದೆಯಾಗುತ್ತಿತ್ತು. ನಾಲ್ಕು ದಿನ ಹಾಗೇ ಕೂತೆ, ಮನೆಯಲ್ಲಿ ಹೇಳಲಿಲ್ಲ. ಐದನೆಯ ದಿನ ಒದ್ದೆ ಪುಸ್ತಕ ಒಲೆಯ ಪಕ್ಕ ಒಣಗುತ್ತಿದ್ದದ್ದನ್ನು ಆಯಿ ನೋಡಿದಳು. ಮರುದಿನ ಪಾಠ ನಡೆಯುತ್ತಿರುವಾಗಲೇ ಅವಳೂ ಆ ದಿನ ಊರಿಗೆ ಬಂದಿದ್ದ ಇಂದೂರಿನ ಗೆಳತಿಯೂ ಪಡಸಾಲೆಗೆ ಬಂದರು. ನನ್ನನ್ನು ಎಬ್ಬಿಸಿದರು. ಬೆಂಚಿನ ಆ ತುದಿ ಒಬ್ಬಳು, ಈ ತುದಿ ಒಬ್ಬಳು ಹಿಡಿದು ಎತ್ತಿ ಒಳಗೆ ತಂದು ಮೊದಲ ಸಾಲಿನ ಮುಂದೆ ಇಟ್ಟರು. ಗೆಳತಿ ಎಲೆ ಅಡಿಕೆಯನ್ನು ದವಡೆಗೆ ಸರಿಸಿ, ಪಾಠ ಮಾಡ್ರಿ ಸರ, ನಮಗೂ ಕೇಳೂಣು ಎಂದಳು. ಮಾಸ್ತರರು ಮಾಡಿದರು. ಹುಡುಗರು ತಮ್ಮ ಬೆಂಚುಗಳನ್ನು ಒಂದೊಂದು ಗೇಣು ಹಿಂದಕ್ಕೆ ಎಳೆದುಕೊಂಡು ಜಾಗ ಬಿಟ್ಟರು.

ಆಮೇಲೆ ಅಕ್ಕಿಯೂ ಬಂತು. ನಾಲ್ಕು ಊರಿನಿಂದ ನಾಲ್ಕು ಚೀಲಗಳಲ್ಲಿ, ಬೇರೆ ಬೇರೆಯಾಗಿ. ಹೀಗೆ ತನ್ನಿ ಎಂದು ಯಾರೂ ಹೇಳಿರಲಿಲ್ಲ. ಸಾಗವಾನಿಯ ಪೆಟ್ಟಿಗೆಗೆ ಆಮೇಲೆ ಯಾರೂ ಒಂದು ಕಾಳು ಸುರಿಯಲಿಲ್ಲ. ಆಯಿ ಅಡುಗೆಮನೆಗೆ ತಿರುಗಿ ಹೋಗಲೂ ಇಲ್ಲ, ಅವಳನ್ನು ಮತ್ತೆ ಯಾರೂ ಕೇಳಲೂ ಇಲ್ಲ.

ಆ ಪೆಟ್ಟಿಗೆಯನ್ನು ಈಗ ಗಾಜಿನೊಳಗೆ ಇಟ್ಟಿದ್ದಾರಂತೆ. ಕೆಳಗೆ ‘ಐಕ್ಯದ ಪೆಟ್ಟಿಗೆ’ ಎಂದು ಬರೆದಿದ್ದಾರೆ, ಕರಡಿನಲ್ಲಿ ಚಿತ್ರವಿದೆ. ನಾನು ಕೆಂಪು ಪೆನ್ನು ಹುಡುಕಿ ‘ತಾನಾಗಿ’ಯನ್ನು ಮತ್ತೊಮ್ಮೆ ಹೊಡೆದುಹಾಕಿದೆ. ಅಂಚಿನಲ್ಲಿ ಅಂದು ಬರೆದದ್ದನ್ನೇ ಬರೆದು, ಈ ಕಾಗದಗಳನ್ನು ಜೊತೆಗಿಟ್ಟು ಲಕೋಟೆ ಅಂಟಿಸುತ್ತಿದ್ದೇನೆ. ಅಚ್ಚು ಹಾಕಿದರೆ ಪೂರ್ತಿ ಹಾಕಲಿ, ಇಲ್ಲವಾದರೆ ನನ್ನ ಹೆಸರನ್ನೂ ತೆಗೆಯಲಿ.

ಫೋಟೋ ಕೇಳಿದ್ದಾರೆ. ನನ್ನದು ಕಳಿಸುವುದಿಲ್ಲ, ಆಯಿಯದು ಯಾರೂ ತೆಗೆದಿರಲಿಲ್ಲ. ಅವಳ ಜರಡಿ ನನ್ನ ಹತ್ತಿರ ಇದೆ, ಅಂಚಿನ ತಗಡು ಎರಡು ಸಲ ಬದಲಾಗಿದೆ. ಅದನ್ನೂ ಕೊಡುವುದಿಲ್ಲ. ಕೊಟ್ಟರೆ ಗಾಜಿನೊಳಗೆ ಇಟ್ಟು ಕೆಳಗೆ ಏನಾದರೊಂದು ಬರೆಯುತ್ತಾರೆ. ನಾಳೆ ಅದರಲ್ಲಿ ನನಗೆ ರವೆ ಸಾಣಿಸುವುದಿದೆ.